ಕರಾಚಿ ಮುಟ್ಟದ ವಾಯುನೌಕೆ

ಕೊಚ್ಚಿಯ ಹಡಗುಕಟ್ಟೆಯಲ್ಲೇ ನಿರ್ಮಾಣವಾಗಿ ೨೦೨೨ರ ಸೆಪ್ಟೆಂಬರ್ ೨ರಂದು ನೌಕಾಪಡೆಯನ್ನು ಸೇರಿದ ‘ವಿಕ್ರಾಂತ್’ ಹಡಗನ್ನು ನಮ್ಮವರಲ್ಲಿ ಅನೇಕರು ದೂರದಿಂದಲಾದರೂ ಕಂಡಿರಬಹುದು. ಅದರ ಉದ್ದ ೨೬೨ ಮೀಟರು. ಅದಕ್ಕಿಂತ ಸುಮಾರು ೨೫ ಮೀಟರು ಮಾತ್ರ ಗಿಡ್ಡಾದ ಇನ್ನೊಂದು ಹಡಗು ನೀರಿನ ಗೊಡವೆಯೇ ಇಲ್ಲದೆ ನಮ್ಮ ತಲೆಯ ಮೇಲೆ ತೇಲಿ ಬರುತ್ತಿದೆ ಎಂದು ಎಣಿಸಿಕೊಳ್ಳಿ. ಇದು ಕಟ್ಟುಕಥೆಯಲ್ಲ. ಅಂಥದೊಂದು ವಾಯುನೌಕೆ ೧೯೩೦ರಲ್ಲಿ ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆಂದೇ ಹೊರಟಿತ್ತು. ಅದರ ಹೆಸರು ಆರ್-೧೦೧.

ಅಷ್ಟು ದೊಡ್ಡದೇಕೆ ಎಂದು ಮನೆಯ ಮಕ್ಕಳು ಕೇಳಿಯಾರು. ಒಂದು ಘನ ಮೀಟರು ಜಲಜನಕ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ಭಾರವನ್ನಷ್ಟೇ ಎತ್ತಬಲ್ಲುದು. ಸುಲಿದ ತೆಂಗಿನಕಾಯಿ ಎರಡು ಎನ್ನಿ. ಒಬ್ಬ ಆಳನ್ನು ಮೇಲೆತ್ತಬೇಕಾದರೆ ಒಂದು ದೊಡ್ಡ ಕೋಣೆಯ ತುಂಬ ಅನಿಲ ಬೇಕು. ಅದಲ್ಲದೆ ಇಂಜಿನ್ನು, ಎಣ್ಣೆ, ಊಟದ ಮನೆ, ಮಲಗುವ ಮನೆ ಎಲ್ಲವನ್ನೂ ಹೊರುವುದೆಂದರೆ ಕೇಳಬೇಕೆ?

ಮನುಷ್ಯ ಮೊದಲು ಬೆಲೂನಿನಲ್ಲಿ ಮೇಲೇರಿದ್ದು ೧೭೮೩ರಲ್ಲಿ, ಫ್ರಾನ್ಸಿನಲ್ಲಿ. ಹನ್ನೊಂದೇ ವರ್ಷಕ್ಕೆ ಅದು ಸೈನ್ಯಕ್ಕೆ ಸೇರಿತು. ೧೭೯೪ರ ಜೂನ್ ೨೬ರಂದು ಫ್ಲೂರಸ್ ಕಾಳಗದಲ್ಲಿ ಫ್ರೆಂಚರ ಅಧಿಕಾರಿ ಕೂತೆಲ್ ಎಂಬಾತ ಹಗ್ಗದಿಂದ ಕಟ್ಟಿದ ಬೆಲೂನಿನ ಬುಟ್ಟಿಯಲ್ಲಿ ಗಂಟೆಗಟ್ಟಲೆ ಕುಳಿತು ಶತ್ರುಸೈನ್ಯದ ಚಲನವಲನಗಳನ್ನು ನೋಡಿ ಕೆಳಗೆ ತಿಳಿಸಿದನು. ಆದರೂ ಆ ಬೆಲೂನು ದಳ ೧೭೯೯ರಲ್ಲಿ, ಇತ್ತ ಶ್ರೀರಂಗಪಟ್ಟಣ ಬಿದ್ದ ವರ್ಷವೇ, ವಿಸರ್ಜನೆಯಾಯಿತು. ಕಾರಣವುಂಟು. ಕಟ್ಟಿದರೆ ಅದು ಗೂಟಕ್ಕೆ ಬಿಗಿದ ಎಮ್ಮೆ, ಬಿಟ್ಟರೆ ಗಾಳಿಯ ಪಾಲು. ೧೮೫೨ರಲ್ಲಿ ಜಿಫಾರ್ ಉಗಿಯಂತ್ರ ಕಟ್ಟಿ ಹಾರಿದನಾದರೂ ಎದುರುಗಾಳಿಯಲ್ಲಿ ಹಿಂದಿರುಗಲು ಆಗಲಿಲ್ಲ. ಹೊರಟ ಜಾಗಕ್ಕೇ ಮರಳಿ ಬಂದುದು ೧೮೮೪ರ ‘ಲಾ ಫ್ರಾನ್ಸ್’. ೨೩ ನಿಮಿಷದಲ್ಲಿ ಸುಮಾರು ೮ ಕಿಲೋಮೀಟರು. ಫ್ರೆಂಚ್ ಸೈನ್ಯದ ಅಧಿಕಾರಿಗಳೇ ಅದನ್ನು ಕಟ್ಟಿದವರು.

ಜರ್ಮನಿಯ ಜೆಪ್ಪೆಲಿನ್ನರ ಮೊದಲ ನೌಕೆ ೧೯೦೦ರಲ್ಲಿ ಹಾರಿತು. ೧೯೧೫ರ ಜನವರಿ ೧೯ರ ರಾತ್ರಿ ಅದರ ಸಂತತಿಯವು ಇಂಗ್ಲೆಂಡಿನ ಊರುಗಳ ಮೇಲೆ ಬಾಂಬು ಸುರಿದವು. ಯುದ್ಧಭೂಮಿಯಿಂದ ದೂರ ಹಾಸಿಗೆಯಲ್ಲಿ ಮಲಗಿದವರೂ ಇನ್ನು ಸುರಕ್ಷಿತರಲ್ಲವೆಂದು ಜನರಿಗೆ ತಿಳಿದದ್ದು ಆಗ. ಆದರೆ ಕತ್ತಲೆಯಲ್ಲಿ ಗಾಳಿ ಈ ನೌಕೆಗಳನ್ನು ಎಷ್ಟೋ ಸಲ ದಾರಿ ತಪ್ಪಿಸುತ್ತಿತ್ತು. ೧೯೧೬ರಲ್ಲಿ ಬೆಂಕಿಯ ಗುಂಡುಗಳು ಬಂದಮೇಲೆ ಜಲಜನಕವೇ ಅವುಗಳಿಗೆ ಮೃತ್ಯುವಾಯಿತು.

ಇಷ್ಟಾದರೂ ಬ್ರಿಟಿಷ್ ಸರ್ಕಾರ ಆರ್-೧೦೧ನ್ನು ಕಟ್ಟಿತು. ಸಾಮ್ರಾಜ್ಯದ ಊರುಗಳನ್ನು ಆಕಾಶಮಾರ್ಗದಿಂದ ಬೆಸೆಯಬೇಕು, ಅಗತ್ಯ ಬಿದ್ದರೆ ಸೈನಿಕರನ್ನೂ ಸಾಗಿಸಬೇಕು ಎಂಬುದು ಯೋಜನೆ. ಆಗ ಅವಿಭಜಿತ ಭಾರತದಲ್ಲಿದ್ದ ಕರಾಚಿಯಲ್ಲಿ ಅದಕ್ಕಾಗಿ ಭಾರಿ ಕೊಟ್ಟಿಗೆಯೂ ಎದ್ದಿತು. ನಮಗೆ ಸೋಜಿಗವೆನಿಸುವುದು, ನಮ್ಮ ಸೆಕೆ ಅದರ ಕಟ್ಟೋಣವನ್ನು ಎಷ್ಟು ಕಾಡಿತೆಂಬುದು. ಬಿಸಿ ದೇಶದಲ್ಲಿ ಪೆಟ್ರೋಲು ಅಪಾಯವೆಂದು ಭಾರವಾದ ಡೀಸೆಲ್ ಇಂಜಿನ್ನುಗಳನ್ನು ಹಾಕಿದರು. ಬಿಸಿಗಾಳಿ ತೆಳುವಾದ್ದರಿಂದ ನೌಕೆಯ ಎತ್ತುವ ಶಕ್ತಿಯೂ ಕುಂದುತ್ತದೆ. ಸಾಲದೆಂದು ನಡು ಕತ್ತರಿಸಿ ಇನ್ನೊಂದು ಅನಿಲಚೀಲವನ್ನು ಸೇರಿಸಿದರು. ಈ ಚೀಲಗಳು ದನದ ಕರುಳಿನ ಪೊರೆಯವು. ನಮ್ಮ ಮಡಿವಂತರು ಹತ್ತುತ್ತಿದ್ದರೋ ಇಲ್ಲವೋ!

ತಿದ್ದಿದ ನೌಕೆಯನ್ನು ಸಾಕಷ್ಟು ಪರೀಕ್ಷಿಸಲಿಲ್ಲ. ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಅವರು ಭಾರತಕ್ಕೆ ಹೋಗಿ ಅಕ್ಟೋಬರ್ ೨೦ರೊಳಗೆ ಲಂಡನ್ನಿನ ಸಭೆಗೆ ಮರಳಬೇಕಾಗಿತ್ತು. ೧೯೩೦ರ ಅಕ್ಟೋಬರ್ ೪ರ ಸಂಜೆ ಹೊರಟಿತು. ದಾರಿಯಲ್ಲಿ ಗಾಳಿಮಳೆ ಹೆಚ್ಚಿತು. ರಾತ್ರಿ ಎರಡರ ಸುಮಾರಿಗೆ ಫ್ರಾನ್ಸಿನ ಬೋವೆ ಬಳಿ ನೆಲಕ್ಕೆ ತಾಗಿ ಉರಿದುಹೋಯಿತು. ೫೪ ಮಂದಿಯಲ್ಲಿ ೪೮ ಮಂದಿ ಸತ್ತರು, ಮಂತ್ರಿಗಳೂ ಸಹ. ಬ್ರಿಟನ್ನಿನವರು ಅಂಥ ನೌಕೆಗಳ ಆಸೆಯನ್ನು ಅಲ್ಲಿಗೇ ಬಿಟ್ಟರು.

ಗಾಳಿಯನ್ನು ಮೀರಹೊರಟವು ಹೋದವು. ಗಾಳಿ ಒಯ್ದತ್ತ ಹೋಗುವ ಪುಟ್ಟ ಬೆಲೂನು ಇನ್ನೂ ಇದೆ. ತಿರುವನಂತಪುರ ಮತ್ತು ಕೊಚ್ಚಿಯ ಹವಾಮಾನ ಕೇಂದ್ರಗಳಿಂದ ಮೇಲೇರುವ ಬೆಲೂನು ಒಂದು ಸಣ್ಣ ಉಪಕರಣವನ್ನು ಹೊತ್ತು, ಉಷ್ಣತೆ, ತೇವ, ಒತ್ತಡಗಳ ಸುದ್ದಿಯನ್ನು ರೇಡಿಯೋ ಮೂಲಕ ಕಳಿಸುತ್ತದೆ. ಅದು ಸರಿದ ದಾರಿಯೇ ಗಾಳಿಯ ಲೆಕ್ಕ. ಮೇಲೆ ಹೋದಂತೆ ಉಬ್ಬಿ, ಸುಮಾರು ೩೦ ಕಿಲೋಮೀಟರು ಎತ್ತರದಲ್ಲಿ ಒಡೆಯುತ್ತದೆ.

ಮುಂಗಾರು ಕೇರಳಕ್ಕೆ ಕಾಲಿಟ್ಟಿತೆಂದು ಸಾರುವ ಮೊದಲು ಇಲಾಖೆಯವರು ೧೪ ಊರುಗಳ ಮಳೆಯನ್ನು ಎಣಿಸುತ್ತಾರೆ. ಕಾಸರಗೋಡಿನ ಕೂಡ್ಲು, ನಮ್ಮ ಮಂಗಳೂರು ಆ ಪಟ್ಟಿಯಲ್ಲಿವೆ. ಮಳೆಯೊಂದೇ ಸಾಲದು, ಪಡುವಣ ಗಾಳಿ ಎಷ್ಟು ಎತ್ತರದವರೆಗೆ ತುಂಬಿದೆ ಎಂಬುದನ್ನೂ ನೋಡಬೇಕು. ನಮಗಿದು ಕೊಡೆ ತೆಗೆಯುವ ಮಾತು. ಕಡಲಿಗಿಳಿಯುವವರಿಗೆ ಜೀವದ ಮಾತು. ೨೦೧೭ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಪೂಂತುರ, ವಿಳಿಂಜಂ ಕಡೆಯ ಎಷ್ಟೋ ಬೆಸ್ತರು ಮನೆಗೆ ಮರಳಲಿಲ್ಲ. ಮೇಲಣ ಗಾಳಿಯ ಸುದ್ದಿ ಕಚೇರಿಯನ್ನು ಮುಟ್ಟಿದರೆ ಸಾಲದು, ದೋಣಿಯನ್ನೂ ಹೊತ್ತಿಗೆ ಮುಟ್ಟಬೇಕು.

ಇಳಿಹೊತ್ತಿನಲ್ಲಿ ಆಕಾಶದಲ್ಲಿ ಬಿಳಿಯ ಚುಕ್ಕೆಯೊಂದು ಏರುತ್ತಿರುವುದು ಕಂಡರೆ ಮಕ್ಕಳನ್ನು ಕರೆದು ತೋರಿಸಿ. ಬೇಗ ಕರೆಯಬೇಕು, ಅದು ನಿಲ್ಲುವುದಿಲ್ಲ.