ಪೆಡಲ್ ಒತ್ತಿ ನೋಡಿದ್ಯಾ ಮೋನೆ?

ಶಾರ್ಜಾದಲ್ಲಿರುವ ನಮ್ಮ ಕುಟುಂಬದ ಹುಡುಗನೊಬ್ಬ ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ನಿಸ್ಸಾನ್ 350 ಝಡ್ ಕಾರು ತೆಗೆದುಕೊಂಡ. ಎರಡೇ ಬಾಗಿಲು, ಎರಡೇ ಸೀಟು, ಮೂರೂವರೆ ಲೀಟರಿನ ವಿ6 ಎಂಜಿನ್. "ಉಮ್ಮನನ್ನೂ ಹೆಂಡತಿಯನ್ನೂ ಒಟ್ಟಿಗೆ ಕೂರಿಸಲಿಕ್ಕಾಗದ ಕಾರು ಎಂತಕ್ಕೆ?" ಎಂದು ಅವನ ಉಮ್ಮ ಊರಿನಿಂದಲೇ ಫೋನಿನಲ್ಲಿ ಬೈದದ್ದುಂಟು. ಅದು ಅವರ ಮನೆಯ ವಿಷಯ. ನಾನು ಹೇಳಹೊರಟದ್ದು ಅದರ ಬ್ರೇಕಿನ ಕಥೆ.

ಮುಂದಿನ ಬ್ರೇಕ್ ಪ್ಯಾಡ್ ಸವೆದಿತ್ತು. ಗ್ಯಾರೇಜಿನಲ್ಲಿ ಹೇಳಿದ ಕೂಲಿ ಜಾಸ್ತಿಯಾಯಿತೆಂದು ಒಂದು ಶುಕ್ರವಾರ ಜುಮಾ ಮುಗಿಸಿ ಬಂದವನು ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನಲ್ಲಿ ತಾನೇ ಜಾಕಿ ಕೊಟ್ಟ. ನಿಜ ಹೇಳಬೇಕೆಂದರೆ ಆ ಕೆಲಸ ಅಷ್ಟೇನೂ ಕಷ್ಟದ್ದಲ್ಲ. ಅವನ ಕಾರಿಗಿದ್ದದ್ದು ಬ್ರೆಂಬೋ ಬ್ರೇಕ್. ನಮ್ಮ ಊರಿನ ಸಾಮಾನ್ಯ ಕಾರುಗಳಲ್ಲಿ ಕ್ಯಾಲಿಪರಿನ ಬೋಲ್ಟ್ ಬಿಚ್ಚಿ ಅದನ್ನು ಮೇಲೆತ್ತಬೇಕು. ಬ್ರೆಂಬೋದಲ್ಲಿ ಅದೂ ಬೇಡ. ಚಕ್ರ ತೆಗೆದು ಎರಡು ಪಿನ್ ಹೊಡೆದು ಹೊರಗೆಳೆದರೆ ಹಳೆ ಪ್ಯಾಡ್ ಕೈಗೆ ಬರುತ್ತದೆ. ಹೊಸ ಪ್ಯಾಡ್ ದಪ್ಪ ಇರುವುದರಿಂದ ಅದಕ್ಕೆ ಜಾಗ ಮಾಡಲು ಒಳಗಿನ ಪಿಸ್ಟನ್‌ಗಳನ್ನು ಹಿಂದಕ್ಕೆ ಒತ್ತಬೇಕು. ಒಂದು ಬದಿಗೆ ಎರಡರಂತೆ ನಾಲ್ಕು ಪಿಸ್ಟನ್. ಒಂದನ್ನು ಒತ್ತಿದರೆ ಇನ್ನೊಂದು ಹೊರಗೆ ಬರುತ್ತದೆ, ಸ್ವಲ್ಪ ತಾಳ್ಮೆ ಬೇಕು. ಹುಡುಗ ಎಂಜಿನಿಯರ್, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಇದೆಲ್ಲ ಸರಿಯಾಗಿಯೇ ಮಾಡಿದ. ಚಕ್ರ ಹಾಕಿದ, ನಟ್ ಟೈಟ್ ಮಾಡಿದ, ಜಾಕಿ ಇಳಿಸಿದ. ಕಾರು ಸ್ಟಾರ್ಟ್ ಮಾಡಿ ರಿವರ್ಸ್ ತೆಗೆದ. ಬ್ರೇಕ್ ಒತ್ತಿದ.

ಪೆಡಲ್ ನೆಲಕ್ಕೆ ಹೋಯಿತು. ಕಾರು ನಿಲ್ಲಲಿಲ್ಲ.

ಹಿಂದಿನ ಕಂಬಕ್ಕೆ ಬಡಿದು ನಿಂತಿತು. ಕಾರು ತೊಳೆಯುವ ಬಂಗಾಳಿ ಹುಡುಗ ಒಂದು ಕ್ಷಣದ ಹಿಂದೆ ಅದೇ ಕಂಬದ ಬುಡದಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದ. ಅವನು ಎದ್ದು ಹೋಗಿದ್ದ, ಬಕೆಟ್ ಅಲ್ಲೇ ಇತ್ತು. ಬಕೆಟ್ ಚಪ್ಪಟೆಯಾಯಿತು. ಅಲ್‌ಹಮ್ದುಲಿಲ್ಲಾಹ್, ಅಷ್ಟರಲ್ಲೇ ಮುಗಿಯಿತು.

ಆದದ್ದು ಇಷ್ಟೇ. ಪಿಸ್ಟನ್ ಹಿಂದಕ್ಕೆ ಒತ್ತಿದ ಮೇಲೆ ಪ್ಯಾಡಿಗೂ ಪಿಸ್ಟನ್ನಿಗೂ ನಡುವೆ ಸಂದು ಉಳಿಯುತ್ತದೆ. ಮೊದಲ ಒಂದೆರಡು ಸಲ ಪೆಡಲ್ ಒತ್ತಿದಾಗ ಆ ಸಂದು ತುಂಬುವುದೇ ಆಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಆದ್ದರಿಂದ ಕಾರು ಕದಲಿಸುವ ಮೊದಲು ನಿಂತಲ್ಲೇ ಪೆಡಲನ್ನು ಮೆಲ್ಲಗೆ ನಾಲ್ಕೈದು ಸಲ ಪಂಪ್ ಮಾಡಿ ಅದು ಗಟ್ಟಿಯಾಗುವುದನ್ನು ನೋಡಬೇಕು. ಬ್ರೇಕ್ ಆಯಿಲಿನ ಡಬ್ಬ ನೋಡಬೇಕು. ಒಂದು ನಿಮಿಷದ ಕೆಲಸ. ವಿಡಿಯೋದಲ್ಲಿ ಅದೂ ಇತ್ತಂತೆ, ಕೊನೆಗೆ. ಇವನು ಅಷ್ಟರಲ್ಲಿ ಮೊಬೈಲ್ ಕಿಸೆಗೆ ಹಾಕಿದ್ದ.

ನನಗೆ ಬೇಸರವಾದದ್ದು ಕಂಬಕ್ಕೆ ಬಡಿದದ್ದಕ್ಕಲ್ಲ. ಅದೇ ಬಿಲ್ಡಿಂಗಿನಲ್ಲಿ, ಎರಡು ಮಾಳಿಗೆ ಕೆಳಗೆ, ಉಳ್ಳಾಲದ ಕಡೆಯ ನಮ್ಮವರೇ ಒಬ್ಬರು ಇದ್ದಾರೆ. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಬ್ರೇಕ್, ಕ್ಲಚ್ ಕೆಲಸ ಮಾಡಿದವರು. "ಕಾಕನನ್ನು ಒಂದು ಮಾತು ಕೇಳಬಹುದಿತ್ತಲ್ಲ" ಅಂದೆ. "ಅವರತ್ರ ಎಂತ ಕೇಳುವುದು, ಎಲ್ಲ ವಿಡಿಯೋದಲ್ಲಿ ಉಂಟಲ್ಲ" ಅಂದ.

ಈ ಮಾತು ಅವನೊಬ್ಬನದಲ್ಲ, ನಾವೇ ಕಲಿಸಿದ್ದು. ಮದುವೆ ಮಾತುಕತೆಗೆ ಕೂತಾಗ ಹುಡುಗ ಗ್ಯಾರೇಜಿನಲ್ಲಿದ್ದಾನೆ ಎನ್ನಲು ನಾಲಿಗೆ ಬರುವುದಿಲ್ಲ, "ಆಟೊಮೊಬೈಲ್ ಲೈನ್" ಎನ್ನುತ್ತೇವೆ. ಗ್ರೀಸ್ ಹಿಡಿದ ಕೈಯ ದುಡ್ಡಿನಲ್ಲಿ ಎದ್ದ ತಾರಸಿ ಮನೆ ನಮ್ಮ ಪ್ರತಿ ಮೊಹಲ್ಲಾದಲ್ಲೂ ಉಂಟು. ಆ ಮನೆಯ ಮಕ್ಕಳೇ ಓದಿ ಎಂಜಿನಿಯರ್ ಆದರು, ಸಂತೋಷ. ಆದರೆ ಉಪ್ಪನ ವಿದ್ಯೆಯನ್ನು ಅವರು ವಿದ್ಯೆ ಎಂದು ಎಣಿಸಲಿಲ್ಲ.

ಹಾಗೆಂದು ಸ್ವಂತ ಕೈಯಿಂದ ಮಾಡಬೇಡಿ ಎನ್ನುವವನು ನಾನಲ್ಲ. ಮಾಡಬೇಕು. ತನ್ನ ಕಾರಿನ ಪ್ಯಾಡ್ ಎಷ್ಟು ಉಳಿದಿದೆ ಎಂದು ಗೊತ್ತಿಲ್ಲದೆ ಸ್ಪೀಡಿನ ಮಾತಾಡುವವರಿಗಿಂತ, ಚಕ್ರ ಬಿಚ್ಚಿ ನೋಡುವವನು ಮೇಲು. ಹೊಸ ಪ್ಯಾಡಿನಲ್ಲಿ ಸುಮಾರು 10 ಮಿಲಿಮೀಟರ್ ಮಸಾಲೆ ಇರುತ್ತದೆ, 3ಕ್ಕೆ ಇಳಿದರೆ ಬದಲಿಸುವ ಸಮಯವಾಯಿತೆಂದೇ ಲೆಕ್ಕ. ಆದರೆ ವಿಡಿಯೋ ನೋಡುವವನಿಗೆ ತಾನು ಬಿಟ್ಟದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ನಿಂತ ಮನುಷ್ಯ ಅದನ್ನು ಹೇಳುತ್ತಾನೆ. ಬರೀ ಜಾಕಿಯ ಮೇಲೆ ನಿಂತ ಕಾರಿನಡಿ ಕೈ ಹಾಕಿದರೆ ಗದರುತ್ತಾನೆ, ಸ್ಟ್ಯಾಂಡ್ ಇಡಿಸುತ್ತಾನೆ. ಕ್ಯಾಲಿಪರನ್ನು ಪೈಪಿನಲ್ಲಿ ಜೋತುಬಿಡಲು ಬಿಡುವುದಿಲ್ಲ, ತಂತಿ ಹಾಕಿ ಕಟ್ಟಿಸುತ್ತಾನೆ. ಗ್ರೀಸ್ ಕೈಯಲ್ಲಿ ಪ್ಯಾಡಿನ ಮುಖ ಮುಟ್ಟಿದರೆ ಕೈಗೆ ಹೊಡೆಯುತ್ತಾನೆ. ಇಷ್ಟೆಲ್ಲ ಆದ ಮೇಲೆ ಒಂಟೆ ಕಟ್ಟುವ ಹದೀಸ್ ನೆನಪಿಸಿದರೂ ಆಶ್ಚರ್ಯವಿಲ್ಲ.

ಬ್ರೇಕ್ ಆಯಿಲಿನದ್ದೂ ಹೇಳಬೇಕು, ಏಕೆಂದರೆ ಇದೇ ಹುಡುಗರು ರಜೆಗೆ ಬಂದಾಗ ಭಾವನ ಕಾರು ತೆಗೆದುಕೊಂಡು ಚಾರ್ಮಾಡಿ ಹತ್ತುತ್ತಾರೆ. ಆ ಆಯಿಲ್ ಗಾಳಿಯ ನೀರಿನಂಶ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೆಯೇ ಕಾಲಿಟ್ಟರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಶಾರ್ಜಾದಲ್ಲಿ ಹೋದಂತೆಯೇ ನೆಲಕ್ಕೆ ಹೋಗುತ್ತದೆ. ಅಲ್ಲಿ ಹಿಂದೆ ಇದ್ದದ್ದು ಕಂಬ, ಇಲ್ಲಿ ಮುಂದೆ ಇರುವುದು ಕಂದಕ. ನಮ್ಮ ಕರಾವಳಿಯ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ದುಂದಲ್ಲ.

ಹಿಂದಿನ ಪ್ಯಾಡ್ ಬದಲಿಸುವಾಗ ಹುಡುಗ ಕಾಕನನ್ನು ಕರೆದನಂತೆ. ಅವರು ಕುರ್ಚಿ ಹಾಕಿಸಿಕೊಂಡು ಕೂತರು, ಪಾನಾ ಮುಟ್ಟಲಿಲ್ಲ. ಎಲ್ಲ ಮುಗಿದು ಇವನು ಕೀ ತಿರುಗಿಸಲು ಹೋದಾಗ ಕೇಳಿದ್ದು, "ಪೆಡಲ್ ಒತ್ತಿ ನೋಡಿದ್ಯಾ ಮೋನೆ?"

ಇಂಥ ಕಾಕಂದಿರು ಗಲ್ಫ್ ಮುಗಿಸಿ ಬಂದು ಬಿ.ಸಿ.ರೋಡಿನಲ್ಲೂ ದೇರಳಕಟ್ಟೆಯಲ್ಲೂ ಅಸರಿನ ನಂತರ ಮಸೀದಿಯ ಕಟ್ಟೆಯಲ್ಲಿ ಕೂತಿರುತ್ತಾರೆ. ನಮ್ಮ ಜಮಾಅತ್‌ಗಳು ರಕ್ತದಾನ ಶಿಬಿರ ಮಾಡುತ್ತವೆ, ಕೆರಿಯರ್ ಗೈಡೆನ್ಸ್ ಮಾಡುತ್ತವೆ. ಈ ಕಾಕಂದಿರನ್ನೂ ಒಂದು ಭಾನುವಾರ ಕರೆದು ಹುಡುಗರ ಮುಂದೆ ನಿಲ್ಲಿಸಿ. ಭಾಷಣ ಬೇಡ, ಸನ್ಮಾನದ ಶಾಲೂ ಬೇಡ. ಮದ್ರಸದ ಅಂಗಳ ಸಾಕು. ಒಂದು ಹಳೆ ಕ್ಯಾಲಿಪರ್ ಮತ್ತು ಡಿಸ್ಕ್ ಗುಜರಿಯಲ್ಲಿ ಸಿಗುತ್ತದೆ, ಕಾರು ಯಾರದಾದರೂ ಆಗುತ್ತದೆ. ಮಳೆಗಾಲಕ್ಕೆ ಮೊದಲು ಆದರೆ ಒಳ್ಳೆಯದು.