ಒಂದು ದಿನದ ಭಾಷಣ ಸಾಕು, ವರ್ಷವಿಡೀ ಜೊತೆಗಿರುವ ಅಕ್ಕ-ಅಣ್ಣ ಬೇಕು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಇಡೀ ರಾಜ್ಯಕ್ಕೆ ನಮ್ಮ ಜಿಲ್ಲೆ ನೆನಪಾಗುತ್ತದೆ. 2024ರಲ್ಲಿ ಉಡುಪಿ ಶೇ 94 ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿತ್ತು. ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಅಂದರೆ ಪರೀಕ್ಷೆ ಬರೆದ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರು ಫೇಲ್. ಟಿವಿಯಲ್ಲಿ ಒಂದು ದಿನ ಚರ್ಚೆ ನಡೆಯಿತು, ಅಧಿಕಾರಿಗಳ ಸಭೆ ಆಯಿತು. ಆಮೇಲೆ ಸುದ್ದಿ ತಣ್ಣಗಾಯಿತು.

ಆದರೆ ಫೇಲಾದ ಹುಡುಗನ ಮನೆಯಲ್ಲಿ ಸುದ್ದಿ ತಣ್ಣಗಾಗುವುದಿಲ್ಲ. ಮರುದಿನ ಬೆಳಿಗ್ಗೆ ಅವನು ಯಾರ ಹತ್ತಿರ ಹೋಗಿ "ಅಣ್ಣಾ, ಮುಂದ ಏನ್ ಮಾಡ್ಲಿ?" ಎಂದು ಕೇಳಬೇಕು? ನಮ್ಮ ಬಹಳಷ್ಟು ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವವರು ಇಲ್ಲ. ಯುವಕರಿಗೆ ಮಾರ್ಗದರ್ಶನ ಎಂಬ ಮಾತು ಶುರುವಾಗಬೇಕಾದದ್ದು ಇಲ್ಲಿಂದ.

ಗೊತ್ತಿಲ್ಲದೆ ಕಳೆದುಹೋಗುವ ವರ್ಷ

2024ರಿಂದ ಎಸ್‌ಎಸ್‌ಎಲ್‌ಸಿ ಪದ್ಧತಿ ಬದಲಾಗಿದೆ. ಮೊದಲ ಪರೀಕ್ಷೆಯಲ್ಲಿ ಫೇಲಾದವರು ಅದೇ ವರ್ಷ, ಕೆಲವೇ ವಾರಗಳಲ್ಲಿ, ಮತ್ತೆ ಬರೆಯಬಹುದು. ಪಾಸಾದರೆ ಅದೇ ವರ್ಷ ಕಾಲೇಜಿಗೂ ಸೇರಬಹುದು. ಇದು ನಮ್ಮಂಥ ಜಿಲ್ಲೆಗೆ ದೊಡ್ಡ ಅವಕಾಶ. ಆದರೆ ಹೆಸರು ನೋಂದಾಯಿಸಲು ಸಿಗುವುದು ಕೆಲವೇ ದಿನ. ಅದೂ ಬೇಸಿಗೆ ರಜೆಯಲ್ಲಿ, ಶಾಲೆ ಬಿಕೋ ಎನ್ನುವಾಗ. ಆ ಹೊತ್ತಿಗೆ ಹುಡುಗ ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ, ಯಾವುದೋ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿರುತ್ತಾನೆ. ಹುಡುಗಿಯ ಮನೆಯಲ್ಲಿ "ಫೇಲಾದಳು, ಇನ್ನ ಯಾಕ ಸಾಲಿ?" ಎಂದು ಮದುವೆ ಮಾತು ಶುರುವಾಗಿರುತ್ತದೆ.

ಮನೆಯವರನ್ನು ಬೈದು ಪ್ರಯೋಜನವಿಲ್ಲ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ರಾಜ್ಯದಲ್ಲೇ ಅತಿ ಕಡಿಮೆ. ಹೆಣ್ಣುಮಕ್ಕಳಲ್ಲಿ ಅದು ಶೇ 41.38 ಮಾತ್ರ. ಹೆಬ್ಬೆಟ್ಟು ಒತ್ತುವ ಅವ್ವನಿಗೆ ಮಗಳ ಪರೀಕ್ಷೆಯ ಕೊನೆಯ ದಿನಾಂಕ ಯಾರು ಹೇಳಬೇಕು? ಉಡುಪಿಯ ಹುಡುಗನಿಗೆ ಓದಿದ ಮಾವನೋ ಚಿಕ್ಕಮ್ಮನೋ ಮನೆಯಲ್ಲೇ ಸಿಗಬಹುದು. ನಮ್ಮಲ್ಲಿ ಎಷ್ಟೋ ಮಕ್ಕಳು ಮನೆತನದಲ್ಲಿ ಹತ್ತನೇ ತರಗತಿ ಮುಟ್ಟಿದ ಮೊದಲಿಗರು. ಅವರಿಗಿಂತ ಮುಂದೆ ಆ ದಾರಿಯಲ್ಲಿ ನಡೆದವರು ಮನೆಯಲ್ಲಿ ಯಾರೂ ಇಲ್ಲ. ಬುದ್ಧಿಯಲ್ಲಿ ಅವರು ಯಾರಿಗೂ ಕಡಿಮೆ ಇಲ್ಲ, ಇರುವ ಕೊರತೆ ಇದು.

ಶಾಲು, ಬ್ಯಾನರ್, ಚಪ್ಪಾಳೆ

ಮಾರ್ಗದರ್ಶನದ ಹೆಸರಿನಲ್ಲಿ ಏನೂ ನಡೆಯುತ್ತಿಲ್ಲ ಎಂದಲ್ಲ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಪ್ರೇರಣಾ ಶಿಬಿರ, ಯಶಸ್ಸಿನ ಗುಟ್ಟು ಹೇಳುವ ಕಾರ್ಯಾಗಾರ ನಡೆಯುತ್ತಲೇ ಇರುತ್ತವೆ. ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ಕೂಡಿಸುತ್ತಾರೆ. ದೊಡ್ಡ ಊರಿನಿಂದ ಬಂದ ಭಾಷಣಕಾರರು ಎರಡು ತಾಸು ಮಾತಾಡುತ್ತಾರೆ. ದೊಡ್ಡ ಕನಸು ಕಾಣಿರಿ, ಐಎಎಸ್ ಆಗಿರಿ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ, ಶಾಲು ಹಾಕುತ್ತಾರೆ, ಫೋಟೊ ಆಗುತ್ತದೆ. ಮಕ್ಕಳು ಬಸ್ ಹತ್ತಿ ಊರಿಗೆ ಹೋಗುತ್ತಾರೆ.

ಬಂದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆಗಳಿವೆ. ನಿನ್ನ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ? ಗಣಿತದಲ್ಲಿ ಯಾವ ಪಾಠ ತಿಳಿಯಲಿಲ್ಲ? ಹತ್ತಿ ಬಿಡಿಸುವ ದಿನಗಳಲ್ಲಿ ಎಷ್ಟು ದಿನ ಶಾಲೆ ತಪ್ಪಿಸಿದೆ? ಮಗುವಿನ ಮುಂದಿನ ವರ್ಷವನ್ನು ನಿರ್ಧರಿಸುವುದು ಇಂಥ ಸಣ್ಣ ಪ್ರಶ್ನೆಗಳೇ. ಅವನ್ನು ಕೇಳಲು ಮಗುವಿನ ಹೆಸರು ಗೊತ್ತಿರಬೇಕು, ಮನೆ ಗೊತ್ತಿರಬೇಕು. ಎರಡು ತಾಸಿನಲ್ಲಿ ಅದು ಆಗುವ ಕೆಲಸವಲ್ಲ.

ನಡುವೆ ಕೈಬಿಟ್ಟರೆ ನಷ್ಟವೇ ಹೆಚ್ಚು

ಒಬ್ಬ ಮಗುವಿಗೆ ಒಬ್ಬ ಹಿರಿಯರನ್ನು ಜೊತೆ ಮಾಡುವ ಪದ್ಧತಿ ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯದು. ಅಲ್ಲಿನ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆಯ ಬೇರು 1904ರ ನ್ಯೂಯಾರ್ಕ್‌ನಲ್ಲಿದೆ. ಹೆಸರಿನ ಅರ್ಥವೇ ದೊಡ್ಡಣ್ಣ, ದೊಡ್ಡಕ್ಕ. ಆ ಸಂಸ್ಥೆಯ ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕಿಯರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಜೊತೆ ಉಳಿದಲ್ಲಿ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಸಂಬಂಧ ಮುರಿದಲ್ಲಿ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಿತ್ತು.

ಇದನ್ನು ತಿಳಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ. ಕೈ ಹಿಡಿದು ನಡುನೀರಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದು ಕೃಷ್ಣಾ, ಭೀಮಾ ದಂಡೆಯ ನಮಗೆ ಗೊತ್ತು. ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. 2018ರಲ್ಲಿ ಕೇಂದ್ರ ಸರ್ಕಾರ ರಾಯಚೂರಿನ ಜೊತೆ ಯಾದಗಿರಿಯನ್ನೂ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳ ಪಟ್ಟಿಗೆ ಸೇರಿಸಿತು. ಹೀಗೆ ಹಿಂದುಳಿದ ಪಟ್ಟಿಗೆ ಸೇರಿದ ಕಡೆ ಯೋಜನೆಗಳು ಬರುತ್ತವೆ, ಅವಧಿ ಮುಗಿದಾಗ ಹೋಗುತ್ತವೆ. ಮಕ್ಕಳ ಹೆಸರು ಕಲಿತ ಸಿಬ್ಬಂದಿಯೂ ಹೋಗುತ್ತಾರೆ. ಸುರಪುರ ತಾಲ್ಲೂಕಿನ ಶಾಲೆಗಳಲ್ಲಿ ಎರಡು ದಶಕದ ಹಿಂದೆ ಕೆಲಸ ಶುರು ಮಾಡಿ ಇಂದಿಗೂ ಜಿಲ್ಲೆಯಲ್ಲೇ ಇರುವ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನಂಥ ಸಂಸ್ಥೆ ಅಪರೂಪ. ಹಾಗಾಗಿ ಹೊಸ ಕಾರ್ಯಕ್ರಮ ಯಾರೇ ತರಲಿ, ಊರಿನವರು ಕೇಳಬೇಕಾದ ಮೊದಲ ಪ್ರಶ್ನೆ: "ಎಷ್ಟು ವರ್ಷ ಇರ್ತೀರಿ?"

ಸುರಪುರದ ಹಳೆಯ ಪಾಠ

ಎರಡನೇ ಪ್ರಶ್ನೆಯೂ ಇದೆ: "ನೀವು ಯಾರ ಕಡೆಯವರು?" ಅದಕ್ಕೆ ಸುರಪುರದ ಇತಿಹಾಸವೇ ಸಾಕ್ಷಿ.

1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ ಸುರಪುರ ಸಂಸ್ಥಾನಕ್ಕೆ ಬಂದ. ರಾಜಕುಮಾರ ವೆಂಕಟಪ್ಪ ನಾಯಕ ಆಗಿನ್ನೂ ಮಗು. ತಂದೆ ತೀರಿಹೋದ ಮೇಲೆ ಆಡಳಿತ ನಡೆಸಿದ್ದು, ಹುಡುಗನ ಓದು ನೋಡಿಕೊಂಡಿದ್ದು ಟೇಲರ್. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜನಿಗೆ ಅಧಿಕಾರ ಒಪ್ಪಿಸಿ ಟೇಲರ್ ಹೊರಟುಹೋದ. ಐದು ವರ್ಷಗಳಲ್ಲಿ, 1858ರಲ್ಲಿ, ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದುನಿಂತ, ಸೆರೆಯಾದ. ಟೇಲರ್ ಅವನನ್ನು ಸೆರೆಮನೆಯಲ್ಲಿ ಹೋಗಿ ಕಂಡ. ಅದೇ ವರ್ಷ ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡು ತಗುಲಿ ರಾಜ ತೀರಿಕೊಂಡ.

ಟೇಲರ್‌ಗೆ ಹುಡುಗನ ಮೇಲೆ ಪ್ರೀತಿ ಇರಲಿಲ್ಲ ಎಂದು ಹೇಳಲಾಗದು. ಸುರಪುರದಲ್ಲಿ ಟೇಲರ್ ಮಂಜಿಲ್ ಇವತ್ತಿಗೂ ಇದೆ, ಜನ ಅವನನ್ನು ಒಳ್ಳೆಯ ಮಾತಿನಿಂದಲೇ ನೆನೆಯುತ್ತಾರೆ. ಆದರೆ ಅವನು ಲೆಕ್ಕ ಒಪ್ಪಿಸಬೇಕಿದ್ದದ್ದು ಕಂಪನಿ ಸರ್ಕಾರಕ್ಕೆ, ಸುರಪುರದ ಜನರಿಗಲ್ಲ. ಬಿಕ್ಕಟ್ಟು ಬಂದಾಗ 'ಅಪ್ಪ' ಎದುರು ಪಕ್ಷದಲ್ಲಿದ್ದ. ಇಂದಿನ ಮಾರ್ಗದರ್ಶನ ಕಾರ್ಯಕ್ರಮಗಳಿಗೂ ಇದೇ ಅಳತೆಗೋಲು ಹಿಡಿಯಬೇಕು. ಮಾರ್ಗದರ್ಶಕರು ವರದಿ ಒಪ್ಪಿಸುವುದು ದೂರದ ಕಚೇರಿಗೋ, ಮಗುವಿನ ಮನೆಗೋ? ಯಾವುದಾದರೂ ಪಕ್ಷಕ್ಕೆ, ಕೋಚಿಂಗ್ ಅಂಗಡಿಗೆ, ಗುಂಪಿಗೆ ಹುಡುಗರನ್ನು ಸೇರಿಸುವುದೇ ಒಳಗಿನ ಉದ್ದೇಶವಾದರೆ ಅದು ಮಾರ್ಗದರ್ಶನ ಅಲ್ಲ, ಬೇಟೆ.

ಹಾಗಾದರೆ ಹೇಗಿರಬೇಕು?

ಮಾರ್ಗದರ್ಶಕರು ಐಎಎಸ್ ಅಧಿಕಾರಿಯೇ ಆಗಬೇಕಿಲ್ಲ. ಅದೇ ಊರಿನ, ಇಲ್ಲವೇ ಪಕ್ಕದೂರಿನ, ಡಿಗ್ರಿ ಓದುತ್ತಿರುವ ಅಥವಾ ಮುಗಿಸಿದ ಅಕ್ಕ-ಅಣ್ಣ ಸಾಕು. ನಾಲ್ಕೈದು ವರ್ಷದ ಹಿಂದೆ ಅದೇ ಬಸ್ಸಿನಲ್ಲಿ ನಿಂತು ಹೋಗಿ, ಅದೇ ನಾಡಕಚೇರಿಯಲ್ಲಿ ಸಾಲು ನಿಂತವರಿಗೆ ಗೊತ್ತಿರುವುದು ದೊಡ್ಡ ಭಾಷಣಕಾರರಿಗೆ ಗೊತ್ತಿರುವುದಿಲ್ಲ.

ಒಬ್ಬರಿಗೆ ನಾಲ್ಕೈದು ಮಕ್ಕಳು. ಒಂಬತ್ತನೇ ತರಗತಿಯಿಂದ ಪಿಯುಸಿ ಮೊದಲ ವರ್ಷದವರೆಗೆ ಜೊತೆ. ವಾರಕ್ಕೊಮ್ಮೆ ಭೇಟಿ. ಕೆಲಸ ಇಷ್ಟೇ:

ಒಂದು, ದಿನಾಂಕಗಳನ್ನು ನೆನಪಿಡುವುದು. ಪರೀಕ್ಷೆಯ ನೋಂದಣಿ, ಹಾಸ್ಟೆಲ್ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಐಟಿಐ ಮತ್ತು ಡಿಪ್ಲೊಮಾ ಪ್ರವೇಶ. ಒಂದು ದಿನ ತಪ್ಪಿದರೆ ಒಂದು ವರ್ಷ ಹೋಗುತ್ತದೆ.

ಎರಡು, ಕಾಗದಪತ್ರ. ಜಾತಿ, ಆದಾಯ ಪ್ರಮಾಣಪತ್ರದ ಜೊತೆ 371 ಜೆ ಅರ್ಹತಾ ಪ್ರಮಾಣಪತ್ರ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬಂದ ಈ ಹಕ್ಕಿನಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು ನಮ್ಮ ಭಾಗದವರಿಗೆ ಮೀಸಲು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಮೀಸಲು. ಕೈಯಲ್ಲಿ ಆ ಕಾಗದ ಇಲ್ಲದಿದ್ದರೆ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ.

ಮೂರು, ಪಿಯುಸಿ ಆರ್ಟ್ಸ್ ಒಂದೇ ದಾರಿಯಲ್ಲ ಎಂದು ತೋರಿಸುವುದು. ಯಾದಗಿರಿಯ ಐಟಿಐಗೋ ಪಾಲಿಟೆಕ್ನಿಕ್‌ಗೋ ಒಮ್ಮೆ ಕರೆದುಕೊಂಡು ಹೋಗಿ ಕಣ್ಣಾರೆ ತೋರಿಸಿದರೆ ಹತ್ತು ಭಾಷಣಕ್ಕಿಂತ ಹೆಚ್ಚು.

ನಾಲ್ಕು, ಗುಳೆ ಹೋದ ಮಗುವಿಗೆ ಫೋನ್ ಮಾಡುವುದು. "ಪರೀಕ್ಷೆ ಇಂಥ ದಿನ ಅದ, ಹಿಂದಿನ ವಾರ ಊರಿಗೆ ಬಾ" ಎಂದು ಹೇಳುವ ಒಂದು ದನಿ ಬೇಕು.

ಐದು, ಮನೆಗೆ ಹೋಗಿ ಅಪ್ಪ-ಅವ್ವನ ಜೊತೆ ಮಾತಾಡುವುದು. ಬಾಲ್ಯವಿವಾಹದ ಮಾತು ನಡೆದಿದೆ ಎಂದು ಗೊತ್ತಾದರೆ ಅದನ್ನು ಒಬ್ಬರೇ ಹೊತ್ತು ತಿರುಗಬಾರದು. ಶಿಕ್ಷಕರಿಗೆ, ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಬೇಕು. 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಬೇಕು.

ಭೇಟಿಗೆ ಜಾಗ ಗ್ರಾಮ ಪಂಚಾಯಿತಿ ಗ್ರಂಥಾಲಯ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ. 2020ರ ನವೆಂಬರ್‌ನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಎಲ್ಲರ ಕಣ್ಣಿಗೆ ಬೀಳುವ ಜಾಗ, ಹಾಗಾಗಿ ಸುರಕ್ಷಿತ. ಹುಡುಗಿಯರಿಗೆ ಅಕ್ಕಂದಿರೇ ಮಾರ್ಗದರ್ಶಕರಾಗಬೇಕು. ಒಬ್ಬರ ಮನೆಯಲ್ಲಿ ಒಂಟಿಯಾಗಿ ಭೇಟಿ ಬೇಡ. ಮಕ್ಕಳಿಂದ ದುಡ್ಡು ಮುಟ್ಟಬಾರದು. ಯಾರು ಯಾವ ಮಗುವಿನ ಜೊತೆ ಇದ್ದಾರೆ ಎಂಬ ಪಟ್ಟಿ ಶಾಲೆಯಲ್ಲೂ ಪಂಚಾಯಿತಿಯಲ್ಲೂ ಇರಬೇಕು.

ಇನ್ನೊಂದು ಮಾತನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಊರಿನ ನಡುವಿನ ಅಣ್ಣ ಕೇರಿಗೆ ಹೋಗುತ್ತಾನಾ? ತಾಂಡಾಕ್ಕೆ, ದೊಡ್ಡಿಗೆ ನಡೆದು ಹೋಗುತ್ತಾನಾ? ಕೇರಿಯ ಅಕ್ಕನ ಮಾತನ್ನು ಮೇಲಿನ ಓಣಿಯ ಮನೆ ಕೇಳುತ್ತದಾ? ಮಾರ್ಗದರ್ಶಕರ ಪಟ್ಟಿಯಲ್ಲಿ ಎಲ್ಲ ಓಣಿಯವರೂ ಇರಬೇಕು. ಮಕ್ಕಳನ್ನು ಜಾತಿ ನೋಡಿ ಹಂಚಬಾರದು. ಇಷ್ಟು ಮಾಡದಿದ್ದರೆ ಈ ಕಾರ್ಯಕ್ರಮವೂ ಮುಂದಿದ್ದವರನ್ನೇ ಇನ್ನಷ್ಟು ಮುಂದೆ ತಳ್ಳುತ್ತದೆ.

"ಶಿಕ್ಷಕರಿಲ್ಲದ ಕಡೆ ಅಕ್ಕ-ಅಣ್ಣ ಏನು ಮಾಡ್ತಾರೆ?"

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಗಣಿತ ಕಲಿಸುವವರೇ ಇಲ್ಲದ ಶಾಲೆಗೆ ಮೊದಲು ಬೇಕಾದದ್ದು ಶಿಕ್ಷಕರು. ಖಾಲಿ ಹುದ್ದೆ ತುಂಬದೆ "ಮಾರ್ಗದರ್ಶಕರನ್ನು ಕೊಟ್ಟಿದ್ದೇವೆ" ಎಂದು ಸರ್ಕಾರ ಕೈತೊಳೆದುಕೊಂಡರೆ ಅದನ್ನು ಮೊದಲು ವಿರೋಧಿಸಬೇಕಾದವರು ನಾವೇ. ಆದರೆ ಶಿಕ್ಷಕರು ಪೂರ್ತಿ ಇರುವ ಶಾಲೆಯಲ್ಲೂ ಪ್ರತಿ ಮಗುವಿನ ಮನೆಗೆ ಹೋಗಿ ಕಾಗದ ನೋಡಲು ಅವರಿಗೆ ಬಿಡುವಿಲ್ಲ. ಎರಡೂ ಬೇರೆ ಬೇರೆ ಕೆಲಸ.

ಇನ್ನು ಖರ್ಚಿನ ಮಾತು. ಬಡ ಮನೆಯ ಡಿಗ್ರಿ ಹುಡುಗಿಗೆ "ಸೇವೆ ಮಾಡು" ಎಂದು ಬಿಟ್ಟಿ ದುಡಿಸಬಾರದು. ಫೋನ್ ರೀಚಾರ್ಜ್, ಓಡಾಟದ ಖರ್ಚು, ಮೇಲಷ್ಟು ಗೌರವಧನ ಕೊಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಅಕ್ಕಂದಿರಿಗೆ ಸರ್ಕಾರಿ ಬಸ್ಸಿನ ಖರ್ಚು ಇಲ್ಲ. ಉಳಿದದ್ದನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕೊಡಬಹುದು. ಕಟ್ಟಡ, ರಸ್ತೆಗೆ ಕೊಡುವ ಹಣದ ಮುಂದೆ ಇದು ಬಹಳ ಸಣ್ಣ ಮೊತ್ತ. ಕಟ್ಟಡದಂತೆ ಇದಕ್ಕೆ ಉದ್ಘಾಟನೆಯ ಕಲ್ಲು ಹಾಕಲು ಬರುವುದಿಲ್ಲ, ತೊಂದರೆ ಅದೊಂದೇ.

ಸರ್ಕಾರ ಶುರು ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಪಂಚಾಯಿತಿ ಸದಸ್ಯರು ಈ ಸಲದ ಮಕ್ಕಳ ಗ್ರಾಮ ಸಭೆಯಲ್ಲಿ ಇದನ್ನು ಚರ್ಚೆಗೆ ತರಬಹುದು. ಗ್ರಂಥಾಲಯ ಮೇಲ್ವಿಚಾರಕರು ವಾರಕ್ಕೊಂದು ಸಂಜೆ ಬಾಗಿಲು ತೆರೆದಿಡಬಹುದು. ಮುಖ್ಯ ಶಿಕ್ಷಕರು ಒಂಬತ್ತನೇ ತರಗತಿಯ ಪಟ್ಟಿ ಕೊಡಬಹುದು.

ಇನ್ನು ಡಿಗ್ರಿ ಓದಿ, ನೌಕರಿಗೆ ಅರ್ಜಿ ಹಾಕುತ್ತಾ ಊರಲ್ಲಿರುವ ತಮ್ಮಾ, ತಂಗೀ, ನಿಮಗೊಂದು ಮಾತು. ನಿಮ್ಮ ಓಣಿಯಲ್ಲಿ ಒಂಬತ್ತನೇ ತರಗತಿಗೆ ಹೋಗುವ ಒಂದು ಮಗುವಾದರೂ ಇದೆ. ಇವತ್ತು ಸಂಜೆ ಆ ಮನೆಗೆ ಹೋಗಿ ಅದರ ಆದಾಯ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳಿ. ಮುಂದಿನ ವಾರ ಮತ್ತೆ ಹೋಗಿ.