ಯುಕ್ರೇನಿನ ಸಂಧಾನವೂ ಎಡೆದೊರೆನಾಡಿನ ಅನುಭವವೂ

2025ನೆಯ ಇಸವಿ ಫೆಬ್ರುವರಿ 18ರಂದು ರಿಯಾಧ ನಗರದಲ್ಲಿ ಅಮೇರಿಕೆಯ ಮತ್ತು ರಶಿಯಾದ ಮುತ್ಸದ್ದಿಗಳು ಎದುರುಬದುರಾಗಿ ಕುಳಿತು ಯುಕ್ರೇನ ಯುದ್ಧವನ್ನು ನಿಲ್ಲಿಸುವ ಬಗೆ ಹೇಗೆಂದು ಮಾತುಕತೆ ನಡೆಯಿಸಿದರು. ಯಾರ ನೆಲದ ಮೇಲೆ ಮೂರು ವರ್ಷ ರಕ್ತ ಹರಿದಿತ್ತೋ ಆ ಯುಕ್ರೇನಿನ ಪ್ರತಿನಿಧಿಗೆ ಆ ಸಭೆಯಲ್ಲಿ ಆಸನವಿರಲಿಲ್ಲ. ಯುರೋಪ ಖಂಡದ ಬೇರಾವ ಸರಕಾರಕ್ಕೂ ಆಮಂತ್ರಣ ಹೋಗಿರಲಿಲ್ಲ. ಆರು ದಿನಗಳ ತರುವಾಯ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ಹತ್ತು ಮತಗಳಿಂದ ಒಂದು ನಿರ್ಣಯವನ್ನು ಅಂಗೀಕರಿಸಿತು. ಯುದ್ಧ ಬೇಗನೆ ಮುಗಿಯಲೆಂದು ಅದು ಹಾರೈಸಿತೇ ಹೊರತು ಯುದ್ಧವನ್ನು ಹೂಡಿದವರು ಯಾರೆಂದು ಹೇಳಲಿಲ್ಲ. ಇಂಗ್ಲಂಡ, ಫ್ರಾನ್ಸ, ಡೆನ್ಮಾರ್ಕ, ಗ್ರೀಸ, ಸ್ಲೊವೇನಿಯಾ ಈ ಐದು ಯುರೋಪೀಯ ರಾಷ್ಟ್ರಗಳು ತಟಸ್ಥವಾಗಿ ಉಳಿದುವು. ತಮ್ಮನ್ನು ಬಿಟ್ಟು ತಮ್ಮ ಖಂಡದ ಗಡಿಗಳನ್ನು ಅಳೆಯಲಾಗುತ್ತಿದೆಯೆಂದು ಅಲ್ಲಿಯ ರಾಜಧಾನಿಗಳಲ್ಲಿ ಎದ್ದ ಕೂಗು ಆ ವರ್ಷವಿಡೀ ಅಡಗಲಿಲ್ಲ. ನೀರಿನೊಳಗೆ ಎಮ್ಮೆಯನ್ನು ಬಿಟ್ಟು ದಂಡೆಯ ಮೇಲೆ ಕುಳಿತು ವ್ಯಾಪಾರ ಮಾಡುವವರನ್ನು ಕಂಡು ಅವರು ಬೆರಗಾದರು.

ದೂರದ ಈ ವ್ಯಾಜ್ಯಕ್ಕೂ ರಾಯಚೂರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 2022ರಲ್ಲಿ ಖಾರ್ಕಿವ ನಗರದ ಗುಂಡಿನ ಮಳೆಯಲ್ಲಿ ಕರ್ನಾಟಕದ ಒಬ್ಬ ತರುಣ ವಿದ್ಯಾರ್ಥಿ ಮಡಿದುದನ್ನು ಜನ ಮರೆತಿಲ್ಲ. ಅದೇ ವರ್ಷ ಸೂರ್ಯಕಾಂತಿ ಎಣ್ಣೆಯ ಧಾರಣೆ ಏರಿದುದನ್ನೂ ಗೊಬ್ಬರದ ಚೀಲಕ್ಕಾಗಿ ರೈತರು ಪರದಾಡಿದುದನ್ನೂ ನಮ್ಮ ಪೇಟೆ ಕಂಡಿದೆ. ಆದರೆ ನಾವು ಈ ವಿಷಯವನ್ನು ಎತ್ತಿಕೊಂಡುದು ಅದಕ್ಕಾಗಿ ಅಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎಡೆದೊರೆನಾಡೇ ಅಂಥ ಮೇಜುಗಳ ಮೇಲೆ ಹಲವು ಸಲ ಹರಾಜಿಗೆ ಬಿದ್ದ ಸೀಮೆಯಾಗಿದೆ. ಯುರೋಪಿನ ಇಂದಿನ ಅಳಲನ್ನು ತೂಗಿ ನೋಡಲು ನಮಗಿಂತ ಹೆಚ್ಚಿನ ಅಧಿಕಾರವುಳ್ಳವರು ಕಡಿಮೆ.

1853ರ ಸಂಗತಿಯನ್ನು ನೋಡಿರಿ. ನಿಜಾಮರ ಖರ್ಚಿನಲ್ಲಿ, ಆಂಗ್ಲ ಅಧಿಕಾರಿಗಳ ಕೈಕೆಳಗೆ, ಹೈದರಾಬಾದ ಕಂಟಿಂಜೆಂಟ ಎಂಬ ಒಂದು ದಂಡು ಬೆಳೆದಿತ್ತು. ದಂಡಿನ ಗಾತ್ರವನ್ನು ಗೊತ್ತುಮಾಡುವವರು ಆಂಗ್ಲರು. ಸಂಬಳ ಕೊಡುವವರು ನಿಜಾಮರು. ಸಂಬಳ ಬಾಕಿ ಬಿದ್ದಾಗ ಕುಂಪಣಿಯು ತಾನೇ ಹಣ ಹಾಕಿ ಅದನ್ನು ಸಾಲವೆಂದು ಬರೆದುಕೊಂಡಿತು. ಸಾಲಕ್ಕೆ ಬಡ್ಡಿ ಸೇರಿತು. ಬಡ್ಡಿಯೊಡನೆ ಅದು ಬೆಳೆದಾಗ ಹಣದ ಬದಲು ನೆಲವನ್ನು ಕೇಳಲಾಯಿತು. ವರಾಡ, ಧಾರಾಶಿವ ಮತ್ತು ರಾಯಚೂರು ದೋಆಬ ಈ ಮೂರೂ ಒಂದು ಕರಾರಿನ ಬಲದಿಂದ ಕುಂಪಣಿಯ ಸ್ವಾಧೀನಕ್ಕೆ ಹೋದುವು. ಮಾನ್ವಿಯ ಅಥವಾ ದೇವದುರ್ಗದ ಒಬ್ಬ ರೈತನನ್ನಾದರೂ ಯಾರಾದರೂ ಕೇಳಿದರೇ? ತಾನು ಯಾರ ಪ್ರಜೆಯೆಂಬುದು ಕಂದಾಯ ಕಟ್ಟುವ ಕಚೇರಿ ಬದಲಾದಾಗಲೇ ಅವನಿಗೆ ತಿಳಿಯಬೇಕಾಗಿತ್ತು. ಏಳು ವರ್ಷಗಳ ಮೇಲೆ, 1857ರ ದಂಗೆಯಲ್ಲಿ ನಿಜಾಮ ಸರಕಾರವು ಆಂಗ್ಲರ ಪಕ್ಷವನ್ನು ಬಿಡದಿದ್ದುದಕ್ಕೆ ಬಹುಮಾನವಾಗಿ, 1860ರಲ್ಲಿ ಐವತ್ತು ಲಕ್ಷದ ಸಾಲವನ್ನು ಹೊಡೆದುಹಾಕಿ ದೋಆಬವನ್ನು ಹಿಂದಕ್ಕೆ ಕೊಟ್ಟರು. ಅದರ ಜೊತೆಗೆ, ಬಂಡೆದ್ದು ಅಳಿದ ವೆಂಕಟಪ್ಪನಾಯಕನ ಸುರಪುರವನ್ನೂ ನಿಜಾಮರಿಗೆ ಒಪ್ಪಿಸಿದರು. ಒತ್ತೆಯಿಟ್ಟ ಒಡವೆ ಬಿಡುಗಡೆಯಾಗಿ ಬರುವಾಗ ಇನ್ನೊಬ್ಬನ ಒಡವೆಯನ್ನೂ ಕೂಡಿಸಿ ಕೊಟ್ಟಂತೆ ಆ ವ್ಯವಹಾರ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ನಮ್ಮ ದೋಆಬವನ್ನು ಬರೆಯಿಸಿಕೊಂಡ ಅದೇ 1853ರಲ್ಲಿ ರಶಿಯಾದ ಸೈನ್ಯವು ತುರ್ಕರ ಅಧೀನದಲ್ಲಿದ್ದ ಮೊಲ್ದಾವಿಯಾ, ವಲಾಖಿಯಾ ಸೀಮೆಗಳನ್ನು ಹೊಕ್ಕಿತು. ದುರ್ಬಲನಾದ ತುರ್ಕನ ರಾಜ್ಯವನ್ನು ಪ್ರಬಲನು ಕಬಳಿಸಕೂಡದೆಂದು ಇಂಗ್ಲಂಡ ಹಾಗೂ ಫ್ರಾನ್ಸ 1854ರಲ್ಲಿ ಯುದ್ಧ ಸಾರಿ ಕ್ರೈಮಿಯಾದಲ್ಲಿ ಹೋರಾಡಿದುವು. 2014ರಲ್ಲಿ ರಶಿಯಾ ತನ್ನದೆಂದು ಸೇರಿಸಿಕೊಂಡುದೂ ಆ ಕ್ರೈಮಿಯಾವನ್ನೇ. ಡ್ಯಾನ್ಯೂಬ ನದಿಯ ದಂಡೆಯಲ್ಲಿ ಪ್ರಮಾಣವಾದ ತತ್ವ ಕೃಷ್ಣೆಯ ದಂಡೆಯಲ್ಲಿ ಅಪ್ರಮಾಣವಾಗಿತ್ತು. ಯುರೋಪಿನ ಬಾಯಿಂದ ನ್ಯಾಯದ ಮಾತು ಬಂದಾಗ ಏಶಿಯಾದ ಜನ ಕಿವಿಗೊಡಲು ಹಿಂಜರಿಯುವುದು ಇಂಥ ಕಾರಣಗಳಿಂದಲೇ.

ಆದರೆ ಹೇಳುವವನ ಪೂರ್ವಚರಿತ್ರೆ ಕೆಟ್ಟುದೆಂದು ಹೇಳಿದ ಮಾತು ಸುಳ್ಳಾಗದು. 2025ರಲ್ಲಿ ಅಮೇರಿಕೆಯ ಸರಕಾರವು ತಾನು ಹಿಂದೆ ಕೊಟ್ಟ ನೆರವಿಗೆ ಪ್ರತಿಯಾಗಿ ಯುಕ್ರೇನಿನ ಭೂಗರ್ಭದ ಖನಿಜಗಳಲ್ಲಿ ಪಾಲು ಬೇಡಿದಾಗ ನಮಗೆ ಕಂಟಿಂಜೆಂಟಿನ ಲೆಕ್ಕದ ಪುಸ್ತಕ ನೆನಪಾಗದೆ ಇರಲಿಲ್ಲ. ಏಪ್ರಿಲ 30ರಂದು ಸಹಿಯಾದ ಕರಾರಿನಲ್ಲಿ ಹಿಂದಿನ ನೆರವನ್ನು ಸಾಲವೆಂದು ಕಟ್ಟಲಿಲ್ಲವೆಂಬುದು ನಿಜ. ಯುಕ್ರೇನಿನ ಮುತ್ಸದ್ದಿಗಳು 1853ರ ನಿಜಾಮರಿಗಿಂತ ಗಟ್ಟಿಗರೆಂದು ಅದರಿಂದ ತಿಳಿಯಬೇಕು. ಆದರೂ ದಂಡಿನ ಖರ್ಚಿಗೆ ನೆಲವನ್ನು ಕೇಳುವ ಪದ್ಧತಿ ಸತ್ತಿಲ್ಲವೆಂಬುದು ಅದೇ ವರ್ಷ ಪ್ರಕಟವಾಯಿತು.

ಇನ್ನು 1948ರ ಮಾತು. ಆ ವರ್ಷ ಆಗಸ್ಟ 21ರಂದು ನಿಜಾಮ ಸರಕಾರವು ಭಾರತದ ಮೇಲೆ ಭದ್ರತಾ ಮಂಡಲಿಗೆ ದೂರು ಕಳುಹಿತು. ಸಪ್ಟಂಬರ 13ರಂದು ಭಾರತದ ಸೈನ್ಯ ಹೈದರಾಬಾದ ಸಂಸ್ಥಾನವನ್ನು ಪ್ರವೇಶಿಸಿತು; 16ರಂದು ಪ್ಯಾರಿಸಿನಲ್ಲಿ ಮಂಡಲಿ ಸೇರಿ ಈ ದೂರನ್ನು ಕಾರ್ಯಕ್ರಮಕ್ಕೆ ತೆಗೆದುಕೊಳ್ಳಬೇಕೆಂದು ಎಂಟು ಮತಗಳಿಂದ ಗೊತ್ತುಮಾಡಿತು. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ತಟಸ್ಥವಾಗಿ ಉಳಿದವು ಮೂರು: ಚೀನ, ರಶಿಯಾ ಮತ್ತು, ವಾಚಕರು ಲಕ್ಷ್ಯವಿಡಬೇಕು, ಅಂದು ಸೋವಿಯೆಟ ಒಕ್ಕೂಟದ ಅಂಗವಾಗಿದ್ದೂ ಮಂಡಲಿಯಲ್ಲಿ ಬೇರೆಯ ಆಸನ ಪಡೆದಿದ್ದ ಯುಕ್ರೇನ. ಮಂಡಲಿಯ ಮುಂದೆ ಹೈದರಾಬಾದಿನ ಪರವಾಗಿ ನಿಂತವರು ನವಾಬ ಮೊಯಿನ ನವಾಜ ಜಂಗರು. ಭಾರತದ ಪರವಾಗಿ ನಿಂತವರು ಮೈಸೂರಿನ ದಿವಾನರಾಗಿದ್ದ ಸರ್ ಆರ್ಕಾಟ ರಾಮಸ್ವಾಮಿ ಮೊದಲಿಯಾರರು. ಹಿಂದಿನ ವರ್ಷವಷ್ಟೇ ಮೈಸೂರಿನ ಪ್ರಜೆಗಳು ಜವಾಬುದಾರಿ ಸರಕಾರಕ್ಕಾಗಿ ಬೀದಿಗಿಳಿದು ಇದೇ ದಿವಾನರ ವಿರುದ್ಧ 'ಆರ್ಕಾಟ್ ಬಾಯ್ಕಾಟ್' ಎಂದು ಕೂಗಿದ್ದರು. ವಿಧಿಯ ವಿನೋದಕ್ಕೆ ಕೊನೆಯುಂಟೇ!

ಆ ಸಭಾಗೃಹದಲ್ಲಿ ಇಲ್ಲದವರು ಸಂಸ್ಥಾನದ ಪ್ರಜೆಗಳು. ಗಸ್ತಿ ನಿಶಾನ 53 ಎಂಬ ಸುತ್ತೋಲೆಯ ಕೆಳಗೆ ಅಪ್ಪಣೆಯಿಲ್ಲದೆ ಸಭೆ ಸೇರಲಾಗದ, 1938ರಲ್ಲಿ ಹುಟ್ಟುವಾಗಲೇ ಸ್ಟೇಟ ಕಾಂಗ್ರೆಸ್ಸು ನಿಷೇಧಕ್ಕೊಳಗಾದ, ಮನೆಯ ಮಾತು ಕನ್ನಡವಾದರೂ ಕಚೇರಿಯ ಮಾತು ಉರ್ದುವಾಗಿದ್ದ ಈ ಜಿಲ್ಲೆಯ ಜನರನ್ನು ಪ್ಯಾರಿಸಿನಲ್ಲಿ ಯಾರೂ ಸ್ಮರಿಸಲಿಲ್ಲ. ಇಲ್ಲಿಯ ತರುಣರು ಆಗ ಸೆರೆಮನೆಗಳಲ್ಲಿದ್ದರು. ಇಲ್ಲವೇ ಮುಂಡರಗಿ, ಗಜೇಂದ್ರಗಡಗಳ ಗಡಿಶಿಬಿರಗಳಲ್ಲಿದ್ದರು. ಎಂಟು ರಾಷ್ಟ್ರಗಳು ಕೇಳಲು ಸಿದ್ಧವಾದದ್ದು ಒಬ್ಬ ಅರಸನ ಮಂತ್ರಿಮಂಡಲದ ಮಾತನ್ನು. ಅದೇ ತಿಂಗಳು 22ರಂದು ನಿಜಾಮರೇ ತಂತಿ ಕಳುಹಿ ದೂರನ್ನು ಹಿಂದೆಗೆದುಕೊಂಡರು. (ಆ ದಿನಗಳಲ್ಲಿಯೇ ಲಂಡನ್ನಿನ ಒಂದು ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈ ಕಮಿಶನರರ ಹೆಸರಿಗೆ ದಾಟಿದ ಹತ್ತು ಲಕ್ಷ ಪೌಂಡುಗಳ ವ್ಯಾಜ್ಯ ಮಾತ್ರ 2019ರ ಅಕ್ಟೋಬರ ತನಕ ನಡೆದು, ಸುಮಾರು ಮೂರೂವರೆ ಕೋಟಿಯಾಗಿ ಬೆಳೆದ ಆ ಹಣ ಭಾರತ ಸರಕಾರಕ್ಕೂ ನಿಜಾಮರ ವಂಶಜರಿಗೂ ಸಲ್ಲಬೇಕೆಂದು ತೀರ್ಪಾಯಿತು. ಅದರಲ್ಲಿ ಎಡೆದೊರೆನಾಡಿನ ಕಂದಾಯದ ಪಾಲೆಷ್ಟೆಂದು ಯಾವ ನ್ಯಾಯಾಧೀಶರೂ ಕೇಳಲಿಲ್ಲ.)

ಇಲ್ಲಿ ಕುಶಾಗ್ರಮತಿಗಳೊಬ್ಬರು ಎದ್ದು, 1948ರಲ್ಲಿ ಭಾರತ ಮಾಡಿದುದನ್ನೇ 2022ರಲ್ಲಿ ರಶಿಯಾ ಮಾಡಿತು, ಭೇದವೇನು, ಎಂದು ಕೇಳಬಹುದು. ಭೇದವು ದೊಡ್ಡದು. ಹೈದರಾಬಾದು ಸರ್ವತಂತ್ರಸ್ವತಂತ್ರ ರಾಷ್ಟ್ರವಾಗಿ ಎಂದೂ ಇರಲಿಲ್ಲ. ಯುಕ್ರೇನವು 1945ರಿಂದ ವಿಶ್ವಸಂಸ್ಥೆಯ ಮೂಲ ಸದಸ್ಯ. 1991ರ ದಶಂಬರದಲ್ಲಿ ಅದರ ಪ್ರಜೆಗಳಲ್ಲಿ ಮತ ಹಾಕಿದವರ ಪೈಕಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಸ್ವಾತಂತ್ರ್ಯವನ್ನು ಬಯಸಿದರು. 1994ರಲ್ಲಿ ಬುಡಾಪೆಸ್ಟಿನಲ್ಲಿ ಅದರ ಗಡಿಗಳನ್ನು ಗೌರವಿಸುವೆನೆಂದು ರಶಿಯಾವೇ ರುಜು ಹಾಕಿತು. ಹೈದರಾಬಾದಿನಲ್ಲಿ ಪ್ರಜೆಗಳ ಹೋರಾಟ ಸೈನ್ಯಕ್ಕಿಂತ ಹತ್ತು ವರ್ಷ ಮುಂಚೆ ನಡೆದಿತ್ತು; ಸೈನ್ಯ ಬಂದ ನಾಲ್ಕು ವರ್ಷಗಳೊಳಗೆ ವಯಸ್ಕರೆಲ್ಲರ ಮತದಾನದಿಂದ ಸರಕಾರ ರಚನೆಯಾಯಿತು.

ಇಷ್ಟನ್ನು ಹೇಳಿ ಮುಗಿಸಿದರೆ ನಾವು ಅರ್ಧ ಸತ್ಯ ಹೇಳಿದಂತಾದೀತು. ರಜಾಕಾರರ ಅತ್ಯಾಚಾರಗಳನ್ನು ಈ ಭಾಗದ ಪ್ರತಿ ಮನೆಯೂ ಬಲ್ಲುದು. ಸಪ್ಟಂಬರದ ತರುವಾಯ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ನಡೆದ ಹತ್ಯೆ ಸುಲಿಗೆಗಳನ್ನು ಹೇಳಲು ಮಾತ್ರ ನಮ್ಮ ನಾಲಗೆ ತಡವರಿಸುತ್ತದೆ. ಭಾರತ ಸರಕಾರವೇ ಕಳುಹಿದ ಪಂಡಿತ ಸುಂದರಲಾಲರ ಸಮಿತಿಯು ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜು ಕಟ್ಟಿ, ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಜಿಲ್ಲೆಗಳು ಹೆಚ್ಚಿನ ಕೇಡನ್ನು ಕಂಡುವೆಂದು ಬರೆಯಿತು. ಆ ವರದಿ ದಶಕಗಳ ಕಾಲ ಕಡತದಲ್ಲಿ ಮಲಗಿತ್ತು; 2013ರಲ್ಲಿ ದಿಲ್ಲಿಯ ಗ್ರಂಥಾಲಯವೊಂದರಲ್ಲಿ ನೋಡಲು ದೊರೆಯಿತು. ಪ್ರತಿ ವರುಷ ಸಪ್ಟಂಬರ 17ರಂದು ಧ್ವಜವನ್ನೇರಿಸುವ ನಾವು ಆ ವರದಿಯನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಓದಬೇಕು. ವಿಮೋಚನೆಯು ನ್ಯಾಯವಾಗಿತ್ತೆಂಬುದು ಅದರಿಂದ ಅಳಿಯದು. ಮುಚ್ಚಿಟ್ಟರೆ ಮಾತ್ರ, ಬುಚಾ ಊರಿನ ಶವಗಳನ್ನು ತೋರಿಸಿ ನ್ಯಾಯ ಕೇಳುವವರ ಮುಂದೆ ನಮ್ಮ ಮಾತಿಗೆ ತೂಕವಿರದು.

ಈಗ ನಮ್ಮ ಸರಕಾರದ ನೀತಿಯನ್ನು ಕುರಿತು. 2022ರ ಫೆಬ್ರುವರಿಯಿಂದ ಮಂಡಲಿಯಲ್ಲಿಯೂ ಮಹಾಸಭೆಯಲ್ಲಿಯೂ ಭಾರತವು ಮತ್ತೆ ಮತ್ತೆ ತಟಸ್ಥವಾಗಿ ಉಳಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಈ ನೀತಿಗೆ ಕಾರಣಗಳಿಲ್ಲವೆಂದು ನಾವು ಹೇಳೆವು. 1961ರಲ್ಲಿ ಗೋವೆಯ ವಿಷಯದಲ್ಲಿ, 1971ರಲ್ಲಿ ಬಂಗಾಲದ ವಿಷಯದಲ್ಲಿ ನಮ್ಮ ಕೈ ಹಿಡಿದುದು ಮಾಸ್ಕೋದ ನಿಷೇಧಮತವೇ. ಋಣವನ್ನು ನೆನೆಯುವುದು ಸತ್ಕುಲದ ಲಕ್ಷಣ. ಪಶ್ಚಿಮದ ರಾಷ್ಟ್ರಗಳು ಕರೆದ ಕೂಡಲೆ ಅವರ ಹಿಂದೆ ನಿಲ್ಲಬೇಕಾದ ಹಂಗೂ ನಮಗಿಲ್ಲ. ಇದು ಯುದ್ಧದ ಯುಗವಲ್ಲವೆಂದು ನಮ್ಮ ಪ್ರಧಾನಮಂತ್ರಿಗಳು 2022ರ ಸಪ್ಟಂಬರ 16ರಂದು ಸಮರಕಂದದಲ್ಲಿ ರಶಿಯಾದ ಅಧ್ಯಕ್ಷರ ಎದುರಿಗೇ ಹೇಳಿದುದನ್ನೂ ನಾವು ಬಲ್ಲೆವು.

ಆದರೆ ಒಂದು ಮತದಾನವನ್ನು ನಾವು ಒಪ್ಪಲಾರೆವು. ಅದೇ ತಿಂಗಳ ಕೊನೆಯಲ್ಲಿ ರಶಿಯಾದ ಸೈನ್ಯವು ಹಿಡಿದಿದ್ದ ಪ್ರದೇಶಗಳಲ್ಲಿ, ಬಂದೂಕಿನ ನೆರಳಲ್ಲಿ, ಜನಮತವೆಂಬ ಹೆಸರಿನ ಒಂದು ನಾಟಕ ನಡೆದು ಯುಕ್ರೇನಿನ ನಾಲ್ಕು ಪ್ರಾಂತಗಳು ರಶಿಯಾಕ್ಕೆ ಸೇರಿದುವೆಂದು ಸಾರಲಾಯಿತು. 30ರಂದು ಮಂಡಲಿಯಲ್ಲಿ ಅದನ್ನು ಖಂಡಿಸುವ ನಿರ್ಣಯ ಬಂದಾಗ ರಶಿಯಾ ಅದನ್ನು ನಿಷೇಧಿಸಿತು, ಭಾರತವು ತಟಸ್ಥವಾಗಿತ್ತು. ಯುದ್ಧದ ಕಾರಣಗಳ ವಿಷಯದಲ್ಲಿ ಎರಡು ಅಭಿಪ್ರಾಯಗಳಿರಲಿ. ಒಂದು ಸೀಮೆಯ ಜನರನ್ನು ಕೇಳದೆ ಅವರ ಸೀಮೆಯನ್ನು ಕಾಗದದ ಮೇಲೆ ದಾಟಿಸುವ ವಿಷಯದಲ್ಲಿ 1853ರ ರಾಯಚೂರು, 1860ರ ಸುರಪುರ ಯಾವ ದೇಶದ ನೆಲದಲ್ಲಿವೆಯೋ ಆ ದೇಶಕ್ಕೆ ಎರಡು ಅಭಿಪ್ರಾಯಗಳಿರಬಾರದಿತ್ತು.

ಅಧಿಕಾರಿವರ್ಗದ ಅಂಜಿಕೆ ನಮಗೆ ಅರ್ಥವಾಗುತ್ತದೆ. ಜನರನ್ನು ಕೇಳಬೇಕೆಂದೊಡನೆ ಕಾಶ್ಮೀರದ ಹೆಸರೆತ್ತಲು ಪಾಕಿಸ್ತಾನ ಕಾದು ಕುಳಿತಿರುತ್ತದೆ. ಆದರೆ ಪ್ರಜೆಗಳ ಸಮ್ಮತಿಯನ್ನು ತಿಳಿಯಲು ಮತಪೆಟ್ಟಿಗೆಯೊಂದೇ ದಾರಿಯೇ? ಫಜಲ ಅಲಿ, ಕುಂಜರೂ, ಪಣಿಕ್ಕರ ಈ ಮೂವರ ಆಯೋಗವು ಒಂದೂವರೆ ಲಕ್ಷಕ್ಕೂ ಮಿಕ್ಕ ಮನವಿಗಳನ್ನು ಸ್ವೀಕರಿಸಿ, ಊರೂರು ತಿರುಗಿ, ಒಂಬತ್ತು ಸಾವಿರಕ್ಕೂ ಮಿಕ್ಕ ಜನರ ಮಾತು ಕೇಳಿ 1955ರಲ್ಲಿ ವರದಿ ಕೊಟ್ಟಿತು. 1956ರ ನವಂಬರ 1ರಂದು ರಾಯಚೂರು ಕನ್ನಡನಾಡಿಗೆ ಸೇರಿತು. ಇದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದುವು. ಎಲ್ಲರಿಗೂ ಅದು ಮೆಚ್ಚಿಗೆಯಾಯಿತೆಂದಲ್ಲ. ಕೇಳಿ ಮಾಡಿದ ಪಾಲಾದುದರಿಂದ ಬಾಳಿತು. ಈ ಹಾದಿಯನ್ನು ಯುರೋಪಿಗೆ ತೋರಿಸಬಲ್ಲ ದೇಶ ಭಾರತವಲ್ಲದೆ ಮತ್ತಾವುದು? ಭದ್ರತಾ ಮಂಡಲಿಯಲ್ಲಿ ಸ್ಥಿರಾಸನವನ್ನು ಬೇಡುವ ರಾಷ್ಟ್ರಕ್ಕೆ, ಆ ಆಸನದಲ್ಲಿ ಕುಳಿತು ಏನು ಹೇಳುವೆಯೆಂದು ಲೋಕ ಕೇಳುವುದು ಸಹಜ.

1948ರ ದೂರು ಕೊನೆಯ ಬಾರಿ ಮಂಡಲಿಯ ಮುಂದೆ ಬಂದುದು 1949ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಜಫರುಲ್ಲಾಖಾನರು ಮಾತನಾಡಿದಾಗ. ತರುವಾಯ ಎಪ್ಪತ್ತು ವರ್ಷ ಮೀರಿದರೂ ಮಂಡಲಿಯ ವಿಚಾರಾಧೀನ ವಿಷಯಗಳ ಪಟ್ಟಿಯಲ್ಲಿ 'ಹೈದರಾಬಾದ ಪ್ರಶ್ನೆ' ಎಂಬ ಹೆಸರು ಉಳಿದುಕೊಂಡು ಬಂದಿತು. ನಮ್ಮ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ವಿದೇಶಾಂಗ ಮಂತ್ರಿಗಳನ್ನು ಎರಡು ಪ್ರಶ್ನೆ ಕೇಳಬೇಕೆಂದು ನಾವು ಬಯಸುತ್ತೇವೆ. ಆ ಪಟ್ಟಿಯಿಂದ ಈ ನಾಡಿನ ಹೆಸರನ್ನು ತೆಗೆಯಿಸಲು ಸರಕಾರವು ಕೈಕೊಂಡ ಕ್ರಮವೇನು? ಯುಕ್ರೇನಿನ ಗಡಿಯನ್ನು ಬದಲಿಸುವ ಯಾವುದೇ ಒಪ್ಪಂದಕ್ಕೆ ಅಲ್ಲಿಯ ಪ್ರಜೆಗಳ ಸಮ್ಮತಿ ಬೇಕೆಂದು ಭಾರತವು ಮಂಡಲಿಯಲ್ಲಿ ಬಾಯಿಬಿಟ್ಟು ಹೇಳುವುದೋ ಇಲ್ಲವೋ? ಉತ್ತರ ಬಂದಾಗ ಅದನ್ನು ಇದೇ ಅಂಕಣದಲ್ಲಿ ಅಚ್ಚು ಹಾಕುವೆವು.